ಬ್ರೇಕಿನ ಎಣ್ಣೆಯೂ ಅದರ ರೋಗನಿದಾನವೂ

ಸಂಸ್ಕೃತ ವ್ಯಾಕರಣವನ್ನು ಪಾಠಹೇಳಿ ನಿವೃತ್ತರಾದ ನಮಗೆ ಮೋಟಾರು ಗಾಡಿಯ ವಿಷಯವನ್ನು ಬರೆಯಲು ಅಧಿಕಾರವೇನೆಂದು ವಾಚಕ ಮಹಾಶಯರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಕಳೆದ ಮಾಘಮಾಸದ ಒಂದು ಪ್ರಸಂಗವು ನಮ್ಮನ್ನು ಈ ಶಾಸ್ತ್ರದ ವಿದ್ಯಾರ್ಥಿಗಳನ್ನಾಗಿ ಮಾಡಿತು. ಅದರಿಂದ ಕಲಿತುದು ಗಾಡಿಯುಳ್ಳ ಪ್ರತಿಯೊಂದು ಮನೆಗೂ ಉಪಯುಕ್ತವಾದುದರಿಂದ ಇಲ್ಲಿ ನಿವೇದಿಸುತ್ತೇವೆ.

ಚೆನ್ನೈಯ ಹೊರಗೆ, ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈ ಎಂಬಲ್ಲಿ, 1990ರಲ್ಲಿ ತೆರೆದ ಮೋಟಾರು ಪಂದ್ಯದ ಪಥವೊಂದುಂಟು. ಅದರ ಒಂದು ಸುತ್ತು ಸುಮಾರು 3.7 ಕಿಲೋಮೀಟರು. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಗೃಹಸ್ಥರು ಶುಲ್ಕ ತೆತ್ತು, ತಮ್ಮ ಸ್ವಂತ ಗಾಡಿಗಳನ್ನೇ ಅಲ್ಲಿ ವೇಗವಾಗಿ ಓಡಿಸಬಹುದು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಬೆಂಗಳೂರಿನಿಂದ ನಮ್ಮ ಸೋದರಳಿಯನು ಹೊರಟನು. ಅವನ ತಾಯಿಯ ಒತ್ತಾಯದಿಂದ ಕಾವಲಿಗೆಂದು ನಾವೂ ಹೊರಟೆವು.

ಆರನೆಯ ಸುತ್ತಿನಲ್ಲಿ, ತಿರುವಿನ ಮುಂದೆ ಅವನು ಬ್ರೇಕನ್ನು ಮೆಟ್ಟಲಾಗಿ ಪೆಡಲು ಮೆತ್ತಗೆ ನೆಲದವರೆಗೂ ಇಳಿದುಹೋಯಿತು. ನಾಲ್ಕಾರು ಬಾರಿ ಬೇಗಬೇಗನೆ ತುಳಿದ ಮೇಲೆ ಸ್ವಲ್ಪ ಹಿಡಿತ ಬಂದಿತು. ಗಾಡಿಯು ಪಥದಿಂದ ಹೊರಬಿದ್ದು ಮಣ್ಣಿನಲ್ಲಿ ನಿಂತಿತು. ದೈವಕೃಪೆಯಿಂದ ಯಾರಿಗೂ ಗಾಯವಾಗಲಿಲ್ಲ. ಒಂದು ಗಂಟೆಯ ತರುವಾಯ ನೋಡಿದರೆ ಪೆಡಲು ಬಹುಮಟ್ಟಿಗೆ ಮೊದಲಿನಂತೆ ಗಟ್ಟಿಯಾಗಿತ್ತು! “ಮಾವ, ಸರಿಹೋಯಿತು, ಇನ್ನೊಂದು ಸುತ್ತು ಹೋಗಿಬರುತ್ತೇನೆ” ಎಂದನು. ಅಲ್ಲಿದ್ದ ವೃದ್ಧ ಮೆಕ್ಯಾನಿಕನೊಬ್ಬನು ಬೀಗದ ಕೈಯನ್ನು ಕಸಿದುಕೊಂಡು, “ಆರಿದಾಗ ಅಡಗುವ ರೋಗವೇ ಅಪಾಯದ್ದು” ಎಂದನು.

ಆತನು ವಿವರಿಸಿದುದರ ಸಾರವಿಷ್ಟು. ನಮ್ಮ ಕಾಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಕೊಳವೆಯಲ್ಲಿರುವ ದ್ರವ. ಜನರು ಇದನ್ನು ‘ಬ್ರೇಕ್ ಆಯಿಲ್’ ಎಂದು ಕರೆದರೂ ಸಾಮಾನ್ಯವಾಗಿ ಇದು ಎಣ್ಣೆಯಲ್ಲ. ಇದಕ್ಕೆ ಬದಲಾಗಿ ಎಂಜಿನಿನ ಎಣ್ಣೆಯನ್ನು ಸುರಿದರೆ ಒಳಗಿನ ರಬ್ಬರು ಉಬ್ಬಿ ಕೆಡುವುದು. ದ್ರವವು ಸುಲಭವಾಗಿ ಕುಗ್ಗದು, ಆವಿಯಾದರೋ ಕುಗ್ಗುವುದು. ಆಷಾಢದಲ್ಲಿ ಭರಣಿಯ ಉಪ್ಪು ನೀರೊಡೆಯುವಂತೆ ಈ ದ್ರವವೂ ವರ್ಷವರ್ಷಕ್ಕೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವವು 230 ಡಿಗ್ರಿ ಸೆಂಟಿಗ್ರೇಡಿಗಿಂತ ಮೊದಲು ಕುದಿಯಕೂಡದೆಂದು ನಿಯಮ, ನೂರಕ್ಕೆ 3.7 ಭಾಗ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುವುದು. ವೇಗವು ಎರಡರಷ್ಟಾದರೆ ಗಾಡಿಯನ್ನು ನಿಲ್ಲಿಸುವಾಗ ಹುಟ್ಟುವ ಶಾಖವು ನಾಲ್ಕರಷ್ಟು. ಆ ಶಾಖಕ್ಕೆ ಹಳೆಯ ದ್ರವವು ಕುದಿದು ಗುಳ್ಳೆಗಳೇಳುವುವು. ಕಾಲಿನ ಬಲವೆಲ್ಲವೂ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುವುದು.

ವೈದ್ಯರು ಚಿಕಿತ್ಸೆಗೆ ಮೊದಲು ನಿದಾನ ಮಾಡುವರಷ್ಟೆ. ಇಲ್ಲಿ ಪೆಡಲೇ ನಾಡಿ. ಕಾದಾಗ ಮಾತ್ರ ಮೆತ್ತಗಾದರೆ ದ್ರವವು ಕುದಿದಿದೆಯೆಂದು ತಿಳಿಯತಕ್ಕದ್ದು. ತಣ್ಣಗಿರುವಾಗಲೂ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದೂ, ಬಹಳ ಕಾದ ಗಾಡಿಯು ನಿಲ್ಲದಿದ್ದರೆ ದ್ರವವು ಸಾಮಾನ್ಯವಾಗಿ ನಿರಪರಾಧಿ. ಬ್ರೇಕ್ ಪ್ಯಾಡುಗಳು ಅತಿಶಾಖದಿಂದ ಹಿಡಿತ ಬಿಟ್ಟಿರುತ್ತವೆ. ನಿಂತ ಗಾಡಿಯಲ್ಲಿ ಒಂದೇ ಸಮನೆ ಒತ್ತಿಹಿಡಿದ ಪೆಡಲು ಮೆಲ್ಲಮೆಲ್ಲನೆ ಇಳಿದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಅಂತಹ ಗಾಡಿಯನ್ನು ಓಡಿಸಲೇಬಾರದು.

ನಮ್ಮ ಗಾಡಿಯ ದ್ರವವನ್ನು ನಾಲ್ಕು ವರ್ಷಗಳಿಂದ ಬದಲಿಸಿರಲಿಲ್ಲ. ಊರಿನ ಗ್ಯಾರೇಜಿನ ರಸೀದಿಯಲ್ಲಿ ‘ಬ್ರೇಕು ಪರೀಕ್ಷಿಸಿದೆ’ ಎಂದು ಬರೆದಿದ್ದಿತು, ನಾವೂ ನಂಬಿದ್ದೆವು. ಹೊರತೆಗೆದ ದ್ರವವು ಕಾಫಿಯ ಡಿಕಾಕ್ಷನ್ನಿನ ಬಣ್ಣವಾಗಿತ್ತು. ಆದರೆ ಬಣ್ಣವನ್ನೇ ನಂಬಬಾರದು. ತಿಳಿಯಾಗಿ ಕಾಣುವುದರಲ್ಲಿಯೂ ನೀರಿರಬಹುದು.

ಚಿಕಿತ್ಸೆಯು ಸುಲಭ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಹೊಸ ದ್ರವವನ್ನೇ ತರತಕ್ಕದ್ದು. ಒಡೆದು ಬಹುಕಾಲವಾದ ಸೀಸೆಯದು ಬೇಡ. ಡಾಟ್ 5 ಎಂಬುದು ಸಿಲಿಕೋನಿನದು. ಇತರ ದರ್ಜೆಗಳೊಡನೆ ಬೆರೆಸಬಾರದು. ಒಬ್ಬರು ಪೆಡಲನ್ನು ಒತ್ತಿದಾಗ ಇನ್ನೊಬ್ಬರು ಚಕ್ರದ ಬಳಿಯ ತಿರುಪನ್ನು ಸಡಿಲಿಸಿ, ಪೆಡಲು ಮೇಲೇಳುವ ಮೊದಲೇ ಬಿಗಿಯಬೇಕು. ಹಳೆಯದು ಹೋಗಿ ಗುಳ್ಳೆಗಳು ನಿಲ್ಲುವವರೆಗೂ ಹೀಗೆಯೇ ನಾಲ್ಕು ಚಕ್ರಗಳಿಗೂ ಮಾಡತಕ್ಕದ್ದು. ಈ ನಡುವೆ ಡಬ್ಬಿಯು ಬರಿದಾಗಕೂಡದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಪಥಕ್ಕೆ ಹೋಗುವವರು ಕಡೆಯ ಸುತ್ತನ್ನು ನಿಧಾನವಾಗಿ ಮುಗಿಸಿ ಬ್ರೇಕನ್ನು ಆರಿಸಬೇಕು. ನಿಂತೊಡನೆ ಕೈಬ್ರೇಕು ಎಳೆಯದೆ ಚಕ್ರಕ್ಕೆ ಕಲ್ಲು ಕೊಡಬೇಕು.

ಇಷ್ಟೊಂದು ಬರೆದುದಕ್ಕೆ ಬೇರೊಂದು ಕಾರಣವುಂಟು. ಆ ಪ್ರಸಂಗದ ಮರುವಾರವೇ ನಾವು ಆರು ಮಂದಿ, ಎರಡು ವರ್ಷದ ಕೂಸಿನೊಡನೆ, ಅದೇ ಗಾಡಿಯಲ್ಲಿ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಘಾಟಿಯ ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕು ತುಳಿದರೆ ಅಲ್ಲಿಯೂ ಅದೇ ಶಾಖ. ಆದರೆ ಪಕ್ಕದಲ್ಲಿ ಮಣ್ಣಿನ ಬಯಲಿಲ್ಲ, ಪ್ರಪಾತವಿದೆ. ಹೊಸ ದ್ರವವನ್ನು ಹಾಕಿಸಿ, ಕೆಳಗಿನ ಗೇರಿನಲ್ಲಿ ಮೆಲ್ಲನೆ ಇಳಿದು, ದರ್ಶನ ಮಾಡಿಕೊಂಡು ಸುಖವಾಗಿ ಹಿಂತಿರುಗಿದೆವು. ತಯಾರಕರು ಬೇರೆ ಅವಧಿಯನ್ನು ಹೇಳಿರದಿದ್ದರೆ ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಿ, ದಿನಾಂಕವನ್ನು ಪಂಚಾಂಗದ ಹೊದಿಕೆಯ ಮೇಲೆ ಬರೆದಿಡುವುದು ಲೇಸು. ನಮ್ಮ ಮನೆಯಲ್ಲಿ ಈಗ ಹಾಗೆಯೇ ಬರೆದಿದೆ.