ರಾತ್ರಿ ಕಚ್ಚಿದ್ದು ಏನು?

ಬೆಳಿಗ್ಗೆ ಎದ್ದಾಗ ಮೈಮೇಲೆ ನಾಲ್ಕಾರು ಕೆಂಪು ಗುಳ್ಳೆ, ಕೆರೆದಷ್ಟೂ ಹೆಚ್ಚುವ ತುರಿಕೆ. ‘ಸೊಳ್ಳೆ ಇರಬೇಕು’ ಎಂದು ಮನೆಯಲ್ಲಿ ಒಬ್ಬರು, ‘ಬದನೆಕಾಯಿ ತಿಂದದ್ದಕ್ಕೆ ನಂಜು’ ಎಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಔಷಧಿ ಅಂಗಡಿಯಿಂದ ಒಂದು ಮುಲಾಮು ಬರುತ್ತದೆ. ಎರಡು ದಿನ ಆರಾಮ, ಮೂರನೆಯ ದಿನ ಮತ್ತೆ ಅದೇ ಪಾಡು.

ದಾಂಡೇಲಿ ಬಳಿಯ ಮೌಳಂಗಿಯಂಥ ಊರುಗಳಲ್ಲಿ ಈ ಪತ್ತೇದಾರಿಕೆ ಇನ್ನಷ್ಟು ಕಷ್ಟ. ಒಂದೆಡೆ ಕಾಳಿ ನದಿ, ಇನ್ನೊಂದೆಡೆ ಕಾಡು; ಹಿತ್ತಲಲ್ಲಿ ದನದ ಕೊಟ್ಟಿಗೆ, ಜಗಲಿಯಲ್ಲಿ ನಾಯಿ. ಕಚ್ಚುವ ಜೀವಿಗಳಿಗೇನು ಬರ! ಆದರೂ ಮುಲಾಮು ಹಚ್ಚುವ ಮೊದಲು ನೀವೇ ಕೆಲವು ಸಂಗತಿಗಳನ್ನು ಗಮನಿಸಿದರೆ ಕಾರಣ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ.

ಮೊದಲು ಒಂದು ಸುಲಭ ಪರೀಕ್ಷೆ. ಹೊಸದಾಗಿ ಎದ್ದ ದದ್ದಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಒಂದು ದಿನದೊಳಗೆ ಅದು ಗುರುತಿಲ್ಲದೆ ಮಾಯವಾಗಿ ಮತ್ತೊಂದು ಕಡೆ ಎದ್ದರೆ ಅದು ಬಹುಶಃ ಪಿತ್ತದ ಗಂಧೆ. ಯಾವ ಹುಳುವೂ ಕಚ್ಚಿರಲಾರದು. ಅಲ್ಲಿಯೇ ಹಲವು ದಿನ ಉಳಿದರೆ ಕಡಿತದ ಸಂಶಯ ಬಲವಾಗುತ್ತದೆ. ಆಮೇಲೆ ಕೇಳಿಕೊಳ್ಳಬೇಕಾದದ್ದು: ಗುಳ್ಳೆ ಮೈಯ ಯಾವ ಭಾಗದಲ್ಲಿದೆ? ತುರಿಕೆ ಯಾವ ಹೊತ್ತಿಗೆ ಹೆಚ್ಚು? ಮನೆಯಲ್ಲಿ ಮತ್ತಾರಿಗೆ ಇದೆ?

ಕಣಕಾಲಿನ ಸುತ್ತ ಮಾತ್ರ ಚುಕ್ಕೆಗಳಿದ್ದು, ಮನೆಯಲ್ಲಿ ಬೆಕ್ಕು ನಾಯಿಗಳಿದ್ದರೆ ಚಿಗಟವನ್ನು ಹುಡುಕಿ. ತೋಳು, ಕುತ್ತಿಗೆ, ಬೆನ್ನಿನಂಥ ತೆರೆದ ಭಾಗಗಳಲ್ಲಿ ಸಾಲಾಗಿಯೋ ಗುಂಪಾಗಿಯೋ ಎದ್ದಿದ್ದರೆ ತಿಗಣೆ. ಇದು ತೊಗರಿಬೇಳೆಯಷ್ಟು ದೊಡ್ಡದು, ಚಪ್ಪಟೆ. ಹಗಲು ಮಂಚದ ಸಂದು, ಹಾಸಿಗೆಯ ಹೊಲಿಗೆಗಳಲ್ಲಿ ಅಡಗಿದ್ದು ನಾವು ಗಾಢ ನಿದ್ರೆಯಲ್ಲಿರುವಾಗ ಹೊರಬರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಸಂದುಗಳಲ್ಲಿ ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆಗಳು ಕಾಣುತ್ತವೆ. ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡನಿಗೆ ಏನೂ ಆಗದೆ ಹೆಂಡತಿಗೆ ಮಾತ್ರ ಗುಳ್ಳೆ ಏಳುವುದುಂಟು. ತಿಗಣೆ ಇಬ್ಬರನ್ನೂ ಕಚ್ಚಿರಬಹುದು. ಎಲ್ಲರ ಚರ್ಮವೂ ಅದಕ್ಕೆ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ, ಅಷ್ಟೆ.

ತಿಗಣೆಯಿಂದ ರೋಗ ಹರಡುವುದಿಲ್ಲ. ಅಪಾಯವಿರುವುದು ನಮ್ಮ ಅವಸರದಲ್ಲಿ. ಹೊಲಕ್ಕೆ ಹೊಡೆಯುವ ಔಷಧವನ್ನು ಹಾಸಿಗೆಗೆ ಸಿಂಪಡಿಸುವವರಿದ್ದಾರೆ, ಕಾಳಿನ ಚೀಲಕ್ಕೆ ಹಾಕುವ ಮಾತ್ರೆಯನ್ನು ಮಂಚದ ಕೆಳಗಿಡುವವರೂ ಇದ್ದಾರೆ. ಆ ಮಾತ್ರೆಯಿಂದ ಹೊರಡುವ ಫಾಸ್ಫೀನ್ ಅನಿಲ ತಿಗಣೆಗಿಂತ ಮೊದಲು ಮಲಗಿದವರ ಜೀವ ತೆಗೆದೀತು. ಹೊದಿಕೆಗಳನ್ನು ಕುದಿಯುವಂಥ ನೀರಿನಲ್ಲಿ ನೆನೆಸುವುದು, ಮಂಚದ ಸಂದುಗಳಿಗೆ ಬಿಸಿನೀರು ಹೊಯ್ಯುವುದು, ಇದನ್ನೇ ವಾರ ವಾರ ಮಾಡುವುದು ನಿಧಾನವಾದರೂ ನಿರಪಾಯದ ದಾರಿ.

ಗುಳ್ಳೆ ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟ, ಜನನಾಂಗದ ಬಳಿ ಇದ್ದು, ರಾತ್ರಿ ಹೊದ್ದು ಮಲಗಿದೊಡನೆ ತುರಿಕೆ ಹೆಚ್ಚುತ್ತಿದೆಯೆ? ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೆರೆಯತೊಡಗಿದ್ದಾರೆಯೆ? ಹಾಗಿದ್ದರೆ ಅದು ಕಜ್ಜಿ, ಅಂದರೆ ಹುರುಕು. ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ನುಸಿಯೊಂದು ಚರ್ಮದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುವುದೇ ಇದಕ್ಕೆ ಕಾರಣ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಆದುದರಿಂದ ‘ನನಗೇನೂ ಇಲ್ಲ’ ಎನ್ನುವ ಅಜ್ಜಿಯೂ ನುಸಿಯನ್ನು ಹೊತ್ತಿರಬಹುದು. ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಗ್ಗಿಸುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ಕಾಯಿಲೆಯ ಚಹರೆಯನ್ನೇ ಬದಲಿಸಿ ವೈದ್ಯರನ್ನೂ ದಾರಿ ತಪ್ಪಿಸುತ್ತದೆ.

ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಶೇ. 5ರ ಪರ್ಮೆಥ್ರಿನ್ ಕ್ರೀಮ್. ಇದನ್ನು ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಸಂದನ್ನೂ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ಮತ್ತೊಮ್ಮೆ. ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಎಳೆಗೂಸು, ಬಸುರಿ ಹೆಂಗಸರಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ನುಸಿ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯಬಹುದು. ಅದಕ್ಕೆ ಹೆದರಿ ದಿನವೂ ಕ್ರೀಮ್ ಹಚ್ಚಬೇಡಿ.

ಕಾಡಂಚಿನವರು ಮರೆಯಲೇಬಾರದ ಇನ್ನೊಂದು ಜೀವಿ ಉಣುಗು, ಕೆಲವೆಡೆ ಇದಕ್ಕೆ ಉಣ್ಣೆ ಎನ್ನುತ್ತಾರೆ. ಸೌದೆಗೆ, ತರಗೆಲೆಗೆ, ದನ ಹುಡುಕಲು ಕಾಡಿಗೆ ಹೋಗಿ ಬಂದವರ ಕಾಲು, ಸೊಂಟಪಟ್ಟಿಯ ಜಾಗ, ತೊಡೆಸಂದುಗಳಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ವಾರಗಟ್ಟಲೆ ತುರಿಸುವುದುಂಟು. ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ಕಪ್ಪು ಚುಕ್ಕೆಯೆಂದು ತಿಳಿದು ಬಿಟ್ಟುಬಿಡುತ್ತೇವೆ. ಮೈಗೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯ ಕೆಂಡ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಉಗುರಿನಲ್ಲಿ ಕುಕ್ಕುವುದು ಬೇಡ.

ಇದನ್ನು ಬರಿಯ ತುರಿಕೆಯೆಂದು ಕಡೆಗಣಿಸಲಾಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜೊತೆಗೇ ಜನರೂ ಜ್ವರದಿಂದ ಮಲಗಿದಾಗ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸನ್ನು ಹರಡುವುದು ಈ ಉಣುಗೇ. 2015ರಲ್ಲಿ ಅದು ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಕಾಣಿಸಿತು. 2024ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಸಾವಿಗೂ ಕಾರಣವಾಯಿತು. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ ನಿಂತಿದೆ. ಹಾಗಾಗಿ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಮರಳಿದೊಡನೆ ಬಿಸಿನೀರ ಸ್ನಾನ, ಬಟ್ಟೆಗೂ ಬಿಸಿನೀರು ಇರಲಿ.

ಕಡಿತವಾದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರ, ವಿಪರೀತ ತಲೆನೋವು, ಮೈಕೈ ಸೆಳೆತ ಬಂದರೆ, ಅದರಲ್ಲೂ ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ, ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಜ್ವರವನ್ನಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವ ದಿನ ಕಾಡಿಗೆ ಹೋಗಿದ್ದಿರಿ, ಉಣುಗು ಎಲ್ಲಿ ಕಚ್ಚಿತು ಎಂಬುದನ್ನೂ ವೈದ್ಯರಿಗೆ ತಿಳಿಸಿ. ರಕ್ತವನ್ನು ಯಾವ ಪರೀಕ್ಷೆಗೆ ಕಳಿಸಬೇಕೆಂಬುದು ಆ ಮಾತಿನಿಂದಲೇ ಅವರಿಗೆ ಹೊಳೆಯುತ್ತದೆ.