ಬಾಡಿಗೆ ಕಡಿಮೆ, ದಾರಿ ದೂರ

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಮುಗಿಯಲು ಬಂದ ಸಣ್ಣ ಕಂಪನಿಗಳ ಮಾಲೀಕರ ಬಾಯಲ್ಲಿ ಈಗ ಬೇರೆ ಊರುಗಳ ಹೆಸರು ಕೇಳಿಬರುತ್ತಿದೆ. ಹಿಂದೆಲ್ಲ ಕೋರಮಂಗಲ ದುಬಾರಿಯಾಯಿತೆಂದರೆ ಎಚ್‌ಎಸ್‌ಆರ್ ಲೇಔಟ್, ಅದೂ ಕೈಗೆಟುಕದಿದ್ದರೆ ಬೊಮ್ಮನಹಳ್ಳಿ ಎನ್ನುತ್ತಿದ್ದರು. ಈಗ ಬಿಡದಿ, ಹಾರೋಹಳ್ಳಿ ಎನ್ನುತ್ತಾರೆ. ಸ್ವಲ್ಪ ಧೈರ್ಯವಿದ್ದವರು ರಾಮನಗರ, ಕನಕಪುರವನ್ನೂ ಸೇರಿಸುತ್ತಾರೆ. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿದ ಮೇಲೆ ಬ್ರೋಕರ್‌ಗಳಿಗಂತೂ ಹಬ್ಬ. ವಿಳಾಸದಲ್ಲಿ ಬೆಂಗಳೂರು, ಬಾಡಿಗೆಯಲ್ಲಿ ರಾಮನಗರ. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಚದರಡಿಗೆ ಎಷ್ಟು ಉಳಿಯಿತು ಎಂಬ ಲೆಕ್ಕ ಎಲ್ಲರೂ ಹಾಕುತ್ತಾರೆ. ಆ ಕಚೇರಿಗೆ ದಿನವೂ ಬಂದು ಹೋಗುವವರ ಹೊತ್ತು ಎಷ್ಟು ಖರ್ಚಾಯಿತು ಎಂಬ ಲೆಕ್ಕ ಹಾಕುವವರು ಕಡಿಮೆ. ಬಾಡಿಗೆ ಕಂಪನಿಯ ಪುಸ್ತಕದಲ್ಲಿ ಬರುತ್ತದೆ, ದಾರಿಯ ಹೊತ್ತು ನೌಕರನ ಮನೆಯ ಲೆಕ್ಕಕ್ಕೆ ಹೋಗುತ್ತದೆ. ಸ್ಥಳಾಂತರದ ಲಾಭ ನಷ್ಟದ ಲೆಕ್ಕ ತಪ್ಪುವುದು ಬಹುಮಟ್ಟಿಗೆ ಇಲ್ಲೇ.

ಈ ಸೀಮೆಯ ನಕ್ಷೆಯನ್ನು ಒಮ್ಮೆ ಹರಡಿಕೊಂಡು ನೋಡಬೇಕು. ಮಾಗಡಿಗೆ ಒಂದು ರಸ್ತೆ, ರಾಮನಗರ ಚನ್ನಪಟ್ಟಣಕ್ಕೆ ಒಂದು ರಸ್ತೆ, ಕನಕಪುರಕ್ಕೆ ಇನ್ನೊಂದು. ಮೂರೂ ಬೆಂಗಳೂರಿನಿಂದ ಹೊರಟು, ಒಂದರಿಂದ ಒಂದು ದೂರವಾಗುತ್ತಾ ಹೋಗುತ್ತವೆ. ಊರಿಂದ ಊರಿಗೆ ಅಡ್ಡ ಹಾಯುವ ರಸ್ತೆಗಳು ಇವೆ, ಆದರೆ ಬಸ್ಸಿನ ಸುಳಿವು ಮುಖ್ಯ ರಸ್ತೆಗಳಲ್ಲಿದ್ದಂತೆ ಅಲ್ಲಿಲ್ಲ. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯಾದಾಗ ಸರ್ಕಾರಿ ಕಚೇರಿಗಳು ಹತ್ತಿರ ಬಂದವು ಎಂದು ಎಲ್ಲರೂ ಸಂತೋಷಪಟ್ಟರು. ಚನ್ನಪಟ್ಟಣದವರಿಗೆ ಅದು ನಿಜವೂ ಆಯಿತು. ಮಾಗಡಿಯವರಿಗೆ ಮಾತ್ರ ಬೆಂಗಳೂರಿನ ಬಸ್ಸು ಸಿಕ್ಕಷ್ಟು ಸಲೀಸಾಗಿ ರಾಮನಗರದ ಬಸ್ಸು ಸಿಗುವುದಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಹತ್ತಿರವಾದದ್ದೆಲ್ಲ ಹೊತ್ತಿನ ಲೆಕ್ಕದಲ್ಲಿ ಹತ್ತಿರವಲ್ಲ. ಖಾಸಗಿ ಕಂಪನಿಗೂ ಇದೇ ಮಾತು ಅನ್ವಯಿಸುತ್ತದೆ. ಕನಕಪುರ ರಸ್ತೆಯ ಬನಶಂಕರಿಯಲ್ಲಿ ಮನೆ ಮಾಡಿಕೊಂಡವನಿಗೆ ಹಾರೋಹಳ್ಳಿ ಕಚೇರಿ ನೇರ ದಾರಿ, ಬಿಡದಿ ಕಚೇರಿ ಸುತ್ತುಬಳಸು. ರಾಜಾಜಿನಗರದವನಿಗೆ ಇವೆರಡಕ್ಕಿಂತ ಮಾಗಡಿ ರಸ್ತೆಯೇ ಲೇಸು. ನೌಕರರ ಮನೆಗಳು ಯಾವ ದಿಕ್ಕಿನಲ್ಲಿವೆ ಎಂದು ನೋಡದೆ ಕಟ್ಟಡ ನೋಡಲು ಹೋಗುವುದು ಪಾದದ ಅಳತೆ ಕೊಡದೆ ಚಪ್ಪಲಿ ಹೊಲಿಸಿದ ಹಾಗೆ.

ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಎನ್ನುತ್ತಾರೆ. ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್‌ನ ಬೆಂಗಳೂರು–ಮೈಸೂರು ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳ ಪೇಟೆಯೊಳಗೆ ನುಗ್ಗದೆ ಹೊರಗಿನಿಂದ ಹಾದು ಹೋಗುತ್ತದೆ. ಆದರೆ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅಪಘಾತಗಳನ್ನು ನೋಡಿದರೆ ಆ ನಿರ್ಧಾರ ಸರಿಯೇ. ಕಚೇರಿಯ ಕಣ್ಣಿನಿಂದ ನೋಡಿದರೆ ಮಾತ್ರ ಕಥೆ ಬೇರೆ: ಕಾರಿನಲ್ಲಿ ಬರುವ ಮ್ಯಾನೇಜರ್‌ಗೆ ಎಕ್ಸ್‌ಪ್ರೆಸ್‌ವೇ, ಸ್ಕೂಟಿಯಲ್ಲಿ ಬರುವ ಅಕೌಂಟ್ಸ್ ಹುಡುಗಿಗೆ ಸರ್ವಿಸ್ ರಸ್ತೆ. ಜಾಗ ಆರಿಸುವುದು ಮ್ಯಾನೇಜರ್. ಅವನು ಒಂದು ದಿನ ಸ್ಕೂಟರ್ ಏರಿ ಬಂದು ನೋಡಿದರೆ ಅರ್ಧ ತೀರ್ಮಾನ ಅಲ್ಲೇ ಬದಲಾದೀತು. ಅದೂ ಮಳೆಗಾಲದಲ್ಲಿ ಬರಲಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯ ಮೇಲೆ ನೀರು ನಿಂತು ವಾಹನಗಳು ಮುಳುಗಿದ್ದು ಇಲ್ಲಿನವರಿಗೆ ಮರೆತಿಲ್ಲ.

ರೈಲಿನ ವಿಷಯದಲ್ಲಿ ರಾಮನಗರ, ಚನ್ನಪಟ್ಟಣ, ಬಿಡದಿ ಅದೃಷ್ಟವಂತ ಊರುಗಳು. ಮೈಸೂರು ಮಾರ್ಗ ಜೋಡಿ ಹಳಿಯಾಗಿ, ವಿದ್ಯುತ್ತೂ ಆಗಿದೆ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಮೆಟ್ರೊ 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೂ, 2023ರ ಅಕ್ಟೋಬರ್‌ನಲ್ಲಿ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೂ ಬಂದು ನಿಂತಿದೆ. ಬೆಳಗಿನ ರೈಲು ಬೆಂಗಳೂರಿನ ಕಡೆಗೆ ತುಂಬಿ ತುಳುಕುತ್ತದೆ, ಮೈಸೂರಿನ ಕಡೆಗೆ ಹೋಗುವುದರಲ್ಲಿ ಕೂರಲು ಜಾಗ ಸಿಕ್ಕರೂ ಸಿಗುತ್ತದೆ. ಕಚೇರಿಯನ್ನು ಹೊರಗೆ ಒಯ್ಯುವುದರ ನಿಜವಾದ ಲಾಭ ಇದು: ಜನ ಹರಿವ ದಿಕ್ಕಿಗೆ ಎದುರು ನಡೆಯುವ ಸುಖ. ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಕಚೇರಿ ಇದ್ದರೆ ಮಾತ್ರ ಆ ಸುಖ.

ಬೆಂಗಳೂರು ತನ್ನ ಕೆಲಸದ ಜಾಗಗಳನ್ನು ಈ ಕಡೆಗೆ ಸಾಗಿಸುತ್ತಿರುವುದು ಇಂದು ನಿನ್ನೆಯ ಮಾತಲ್ಲ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ಆಡಳಿತವನ್ನು ಕಟ್ಟಿಕೊಂಡು ಬಂದದ್ದು ಮಾಗಡಿಗೆ. ಸಾವನದುರ್ಗದ ಬಂಡೆ ಬೆನ್ನಿಗಿದ್ದುದರಿಂದ 1728ರವರೆಗೂ ಅಲ್ಲಿ ಬಾಳಿದರು. ಅವರು ಜಾಗ ಆರಿಸಿದ್ದು ಬಾಡಿಗೆ ನೋಡಿಯಲ್ಲ ಬಿಡಿ.

ಎದುರು ದಿಕ್ಕಿನ ಕಥೆ ಇನ್ನೂ ಚೆನ್ನಾಗಿದೆ. ಕರ್ನಾಟಕದಲ್ಲಿ ನಡೆದ ದೊಡ್ಡ ಕಚೇರಿ ಸ್ಥಳಾಂತರವೊಂದಕ್ಕೆ ಯಜಮಾನಿಕೆ ವಹಿಸಿದವರು ರಾಮನಗರದ ಕಡೆಯವರಾದ ಕೆಂಗಲ್ ಹನುಮಂತಯ್ಯ. ಅದಕ್ಕೂ ಮೊದಲು, 1868ರ ಹೊತ್ತಿಗೆ ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಟಿಪ್ಪುವಿನ ಅರಮನೆಯಿಂದ ಹೊರಬಿದ್ದು, ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡ ಸೇರಿದ್ದವು. ಅದೇ ಅಠಾರ ಕಚೇರಿ, ಈಗಿನ ಹೈಕೋರ್ಟು. ಸ್ವಾತಂತ್ರ್ಯ ಬಂದು ಶಾಸನಸಭೆ ಬೆಳೆದಾಗ ಅದೂ ಸಾಲದಾಯಿತು. ಕೆ.ಸಿ. ರೆಡ್ಡಿಯವರ ಸರ್ಕಾರ ಎದುರಿಗೇ ಒಂದು ಸಾಧಾರಣ ಕಟ್ಟಡ ಯೋಚಿಸಿ, 1951ರ ಜುಲೈ 13ರಂದು ನೆಹರೂ ಅವರಿಂದ ಶಂಕುಸ್ಥಾಪನೆ ಮಾಡಿಸಿತು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಪಕ್ಕಕ್ಕಿಟ್ಟರು. ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ಗ್ರಾನೈಟ್ ವಿಧಾನಸೌಧ ಎದ್ದಿತು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಕೂಲಿಗಳ ಪೈಕಿ ಬಹಳ ಮಂದಿ ಕೈದಿಗಳು. ಮುಖ್ಯ ಕಲ್ಲು ಬೆಂಗಳೂರಿನ ಸುತ್ತಲಿನ ಕ್ವಾರಿಗಳದ್ದು, ಅಲಂಕಾರಕ್ಕೆ ಬಳಸಿದ ನಸುಗೆಂಪು ಕಲ್ಲು ಮಾಗಡಿಯದು. ವೆಚ್ಚ ಒಂದೂಮುಕ್ಕಾಲು ಕೋಟಿಯ ಆಸುಪಾಸು ತಲುಪಿ ಗದ್ದಲವೆದ್ದಿತು, ವಿಚಾರಣೆ ನಡೆಯಿತು. ಕಟ್ಟಡ ಮುಗಿದ 1956ರಲ್ಲೇ ಹನುಮಂತಯ್ಯನವರು ಅಧಿಕಾರ ಬಿಟ್ಟು ಇಳಿಯಬೇಕಾಯಿತು.

ವಿಧಾನಸೌಧದ ಸೊಬಗನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆದರೂ ಕಚೇರಿಯೆಂದು ನೋಡಿದರೆ ಅದು ಗುಮಾಸ್ತನ ಮೇಜಿನಿಂದ ಹೊರಗೆ ಬೆಳೆದ ಕಟ್ಟಡವಲ್ಲ, ಬೀದಿಯಿಂದ ಒಳಗೆ ಬೆಳೆದದ್ದು. ಪ್ರಜಾಪ್ರಭುತ್ವ ಹೇಗೆ ಕಾಣಬೇಕು ಎಂಬ ಯೋಚನೆ ಮೊದಲು, ಕಡತ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದು ಆಮೇಲೆ. ಹಾಗಾಗಿಯೇ ಮುಂದೆ ಎದುರಿಗೆ ಬಹುಮಹಡಿ ಕಟ್ಟಡ ಬೇಕಾಯಿತು, 2005ರಲ್ಲಿ ಪಕ್ಕದಲ್ಲೇ ವಿಕಾಸಸೌಧ ಬಂತು. ಒಂದು ಸಹಿಗಾಗಿ ಮೂರು ಕಟ್ಟಡಗಳ ನಡುವೆ ಓಡಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗ ಇನ್ನೊಂದು ಪಾಠ ಸಿಕ್ಕಿತು: ಕಟ್ಟಡ ಮೊದಲು ಹೋಗಿ, ಇಲಾಖೆಗಳು ಹಿಂದೆ ಹೋಗದಿದ್ದರೆ ವರ್ಷಕ್ಕೊಂದು ಅಧಿವೇಶನಕ್ಕೆ ಮಾತ್ರ ದೀಪ ಹತ್ತುತ್ತದೆ.

ಖಾಸಗಿ ವಲಯದಲ್ಲಿ ಬೆಂಗಳೂರಿನಿಂದ ಈ ಕಡೆಗೆ ಬಂದದ್ದಕ್ಕೆ ದೊಡ್ಡ ಉದಾಹರಣೆ ಬಾಷ್. ಬೆಂಗಳೂರಿನ ಹಳಬರಿಗೆ ಅದು ಇವತ್ತಿಗೂ ಮೈಕೋ. ಆಡುಗೋಡಿಯ ಮೈಕೋ ಫ್ಯಾಕ್ಟರಿ 1950ರ ದಶಕದಲ್ಲಿ ಶುರುವಾದಾಗ ಊರ ಹೊರಗಿತ್ತು. ಊರು ಬೆಳೆದು ಅದನ್ನು ನುಂಗಿತು. ಕಳೆದ ದಶಕದಲ್ಲಿ ಕಂಪನಿ ತಯಾರಿಕೆಯನ್ನು ಬಿಡದಿಗೆ ಸಾಗಿಸಿತು. ಖಾಲಿಯಾದ ಆಡುಗೋಡಿಯ ಜಾಗದಲ್ಲಿ ಎದ್ದದ್ದು ಕಚೇರಿ. ಸುಮಾರು 76 ಎಕರೆಯ, ಹತ್ತು ಸಾವಿರ ಮಂದಿ ಕೂರಬಹುದಾದ ಆ ಕ್ಯಾಂಪಸ್ 2022ರ ಜೂನ್ 30ರಂದು ಉದ್ಘಾಟನೆಯಾಯಿತು. ಎಣ್ಣೆ, ಲೋಹ, ಲಾರಿ ಬಿಡದಿಗೆ ಬಂದವು. ಲ್ಯಾಪ್‌ಟಾಪು, ಮೀಟಿಂಗ್ ರೂಮು ನಗರದಲ್ಲೇ ಉಳಿದವು. 1999ರ ಕೊನೆಗೆ ಟೊಯೊಟಾ ಕ್ವಾಲಿಸ್ ತಯಾರಿಕೆ ಶುರುವಾದಂದಿನಿಂದ ಬಿಡದಿಗೆ ಶಿಫ್ಟು, ಸೈರನ್ನು, ಕಂಪನಿ ಬಸ್ಸು ಅಭ್ಯಾಸವಾಗಿವೆ. ಹೆದ್ದಾರಿ ಬದಿಯ ತಟ್ಟೆ ಇಡ್ಲಿ ಹೋಟೆಲುಗಳ ಬೆಳಗಿನ ಗಿರಾಕಿಗಳಲ್ಲಿ ಸಮವಸ್ತ್ರದವರು ಕಡಿಮೆಯೇನಿಲ್ಲ. ಮೇಜಿನ ಮುಂದೆ ಕೂರುವ ಕೆಲಸ ಮಾತ್ರ ಈ ಕಡೆಗೆ ಅಷ್ಟಾಗಿ ಬಂದಿಲ್ಲ. ಬರುವವರು ಬರಲಿ, ಆದರೆ ಫ್ಯಾಕ್ಟರಿಗೆ ಕಂಪನಿ ಬಸ್ಸು ಇದ್ದಂತೆ ಇಪ್ಪತ್ತು ಜನರ ಕಚೇರಿಗೆ ಇರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಬರಲಿ.

ಇನ್ನು ಒಳಗಿನ ವಿನ್ಯಾಸ. ಇದಕ್ಕೆ ದುಬಾರಿ ಇಂಟೀರಿಯರ್ ಡಿಸೈನರ್ ಬಳಿ ಹೋಗುವ ಮುಂಚೆ ಕನಕಪುರ ಅಥವಾ ಚನ್ನಪಟ್ಟಣದ ಕಡೆಯ ಯಾವುದಾದರೂ ರೇಷ್ಮೆ ಬೆಳೆಗಾರರ ಹುಳುಮನೆಗೆ ಹೋಗಿ ಬನ್ನಿ ಎಂದು ನಾನು ಹೇಳುತ್ತೇನೆ. ತಮಾಷೆಗಲ್ಲ. ಹುಳುಮನೆಯನ್ನು ವಾಸದ ಮನೆಯಿಂದ ಬೇರೆಯಾಗಿ, ಉದ್ದನೆಯ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಬರುವಂತೆ ಕಟ್ಟಬೇಕೆನ್ನುತ್ತಾರೆ. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಚಿಕ್ಕ ಗೋಡೆಗಳಿಗೆ ಬೀಳುತ್ತವೆ, ಗಾಳಿ ಎದುರುಬದುರು ಕಿಟಕಿಯಲ್ಲಿ ಹಾಯುತ್ತದೆ. ಕಿಟಕಿಗೆ ಊಜಿ ನೊಣ ಬರದಂತೆ ನೈಲಾನ್ ಪರದೆ. ಬಾಗಿಲಲ್ಲೇ ಕಾಲು ಅದ್ದಿ ಒಳಬರಲು ಸೋಂಕುನಿವಾರಕ. ಚಾಕಿ, ಅಂದರೆ ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ ಶಾಖ, ಹೆಚ್ಚು ತೇವ. ಬೆಳೆದ ಹುಳುವಿಗೆ 24–25 ಡಿಗ್ರಿ, ತೇವ ಕಡಿಮೆ, ಗಾಳಿ ಜಾಸ್ತಿ. ಗೋಡೆಗೆ ತೂಗುಹಾಕಿದ ಥರ್ಮಾಮೀಟರನ್ನು ಹೋಗುತ್ತಾ ಬರುತ್ತಾ ನೋಡುವ ಮನೆಯೊಡತಿ, ಶಾಖ ಏರಿದರೆ ಒದ್ದೆ ಗೋಣಿ ಕಟ್ಟುತ್ತಾಳೆ. ಹುಳು ದೂರು ಹೇಳುವುದಿಲ್ಲ, ಗೂಡು ಕಟ್ಟುವುದನ್ನು ಬಿಡುತ್ತದೆ ಅಷ್ಟೆ. ಹುಳು ಗೂಡು ಕಟ್ಟುವ ಚಂದ್ರಿಕೆಯ ಮೇಲೆ ತೆಳ್ಳನೆಯ ಗೂಡು ಕಂಡರೆ ಮಾರುಕಟ್ಟೆಯಲ್ಲಿ ಕೆಜಿಗೆ ಎಷ್ಟು ಕಳೆಯುತ್ತದೆ ಎಂಬುದು ಆಕೆಗೆ ಗೊತ್ತು.

ನಮ್ಮ ಕಚೇರಿಗಳಲ್ಲಿ ಮನುಷ್ಯರಿಗೆ ಇಷ್ಟು ಗಮನ ಸಿಗುವುದು ಅಪರೂಪ. ಮೈಸೂರು ರಸ್ತೆಯುದ್ದಕ್ಕೂ ಏಳುತ್ತಿರುವ ಹೊಸ ಕಟ್ಟಡಗಳನ್ನು ನೋಡಿ: ರಸ್ತೆ ಯಾವ ಕಡೆಗಿದೆಯೋ ಆ ಕಡೆಗೆ ಗಾಜು. ರಸ್ತೆ ಪಶ್ಚಿಮಕ್ಕಿದ್ದರೆ ಮಾರ್ಚ್–ಏಪ್ರಿಲ್‌ನ ಸಂಜೆ ಮೂರರಿಂದ ಆರರವರೆಗೆ ಆ ಗಾಜಿನ ಹಿಂದೆ ಕೂತವರು ಬ್ಲೈಂಡ್ಸ್ ಇಳಿಸಿ, ಟ್ಯೂಬ್‌ಲೈಟ್ ಹಾಕಿ, ಏಸಿ ಹೆಚ್ಚಿಸಿ ಕೆಲಸ ಮಾಡುತ್ತಾರೆ. ಬೆಳಕಿಗಾಗಿ ಗಾಜು ಹಾಕಿ, ಬಿಸಿಲಿಗಾಗಿ ಅದನ್ನು ಮುಚ್ಚುವ ಬುದ್ಧಿವಂತಿಕೆ. ಕರೆಂಟು ಹೋದರೆ ತೆರೆಯಲು ಕಿಟಕಿಯೇ ಇರುವುದಿಲ್ಲ. ಬಹುಮಟ್ಟಿಗೆ ಹಿತವಾದ ಹವೆಯಿರುವ ಈ ಸೀಮೆಯಲ್ಲಿ ವರ್ಷದ ಬಹುಪಾಲು ಏಸಿ ಇಲ್ಲದೆ ನಡೆಯುವ ಕಚೇರಿ ಕಟ್ಟಬಹುದು. ಉತ್ತರಕ್ಕೆ ದೊಡ್ಡ ಕಿಟಕಿ, ದಕ್ಷಿಣಕ್ಕೆ ಚಜ್ಜ, ಪಶ್ಚಿಮಕ್ಕೆ ಮೆಟ್ಟಿಲು, ಶೌಚಾಲಯ, ದಾಸ್ತಾನು ಕೋಣೆ. ಗದ್ದಲದ ಫೋನ್ ಕೆಲಸದವರನ್ನೂ ಲೆಕ್ಕಪತ್ರದವರನ್ನೂ ಒಂದೇ ಹಾಲ್‌ನಲ್ಲಿ ಕೂರಿಸುವುದು ಬೇಡ. ತೆರೆದ ಹಾಲ್ ಆಧುನಿಕ ಎನ್ನುತ್ತಾರೆ. ಅಲ್ಲಿ ಕೂತು ತಿಂಗಳ ಕೊನೆಯ ಟ್ಯಾಲಿ ಮುಗಿಸಿದವರನ್ನು ಕೇಳಿ ನೋಡಿ.

ನೀರಿನ ವಿಷಯ ಮರೆತವರು ಮೊದಲ ಬೇಸಿಗೆಯಲ್ಲೇ ವಾಪಸು ಹೋಗುವ ಮಾತಾಡುತ್ತಾರೆ. ಬೆಂಗಳೂರಿಗೆ ಹೋಗುವ ಕಾವೇರಿಯನ್ನು ಮೇಲಕ್ಕೆತ್ತುವ ಪಂಪಿಂಗ್ ಕೇಂದ್ರವೊಂದು ಹಾರೋಹಳ್ಳಿಯಲ್ಲಿದೆ. ದಪ್ಪ ಪೈಪಿನಲ್ಲಿ ನದಿ ಪಕ್ಕದಲ್ಲೇ ಹಾದು ಹೋಗುತ್ತದೆ, ನಿಮ್ಮ ಕಟ್ಟಡಕ್ಕೆ ಮಾತ್ರ ಕೊಳವೆಬಾವಿ ಇಲ್ಲವೆ ಟ್ಯಾಂಕರ್. ಕರಾರಿಗೆ ಮುಂಚೆ ಬೋರ್ ಎಷ್ಟು ಅಡಿ, ಏಪ್ರಿಲ್‌ನಲ್ಲಿ ಎಷ್ಟು ಇಂಚು ನೀರು ಎಂದು ಪಕ್ಕದ ತೋಟದವರನ್ನೇ ಕೇಳುವುದು ಒಳ್ಳೆಯದು. ಜಮೀನು ವಾಣಿಜ್ಯ ಬಳಕೆಗೆ ಪರಿವರ್ತನೆ ಆಗಿದೆಯೇ, ಖಾತೆ ಸರಿಯಿದೆಯೇ ಎಂಬುದನ್ನು ವಕೀಲರು ನೋಡುತ್ತಾರೆ. ನೀರನ್ನು ಯಾವ ವಕೀಲರೂ ನೋಡುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಹೇಳಿದ ಮೇಲೂ ಕಚೇರಿಗಳು ಇಲ್ಲಿಗೆ ಬರಬೇಕೆಂದೇ ನನ್ನ ಆಸೆ. ಕಾರಣ, ಬೆಳಗಿನ ಆ ತುಂಬಿದ ರೈಲು. ಅದರಲ್ಲಿ ಬಾಗಿಲಿಗೆ ಆತು ನಿಂತು ಹೋಗುವ ಹುಡುಗ ಹುಡುಗಿಯರಲ್ಲಿ ಬಿಕಾಂ ಆದವರಿದ್ದಾರೆ, ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿದ್ದಾರೆ. ಬೆಂಗಳೂರಿನ ನೌಕರರನ್ನೆಲ್ಲ ಎತ್ತಿಕೊಂಡು ಬರುವ ಕಂಪನಿಗೆ ಇಲ್ಲಿ ಉಳಿತಾಯವಿಲ್ಲ, ಬಾಡಿಗೆಯಲ್ಲಿ ಉಳಿದದ್ದು ರಾಜೀನಾಮೆಗಳಲ್ಲಿ ಹೋಗುತ್ತದೆ. ಹಳಬರಿಗೆ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಬಿಟ್ಟುಕೊಟ್ಟು, ಹೊಸಬರನ್ನು ಇಲ್ಲೇ ಸೇರಿಸಿಕೊಳ್ಳುವ ಕಂಪನಿಗೆ ಲೆಕ್ಕ ಕೂಡಿಬರುತ್ತದೆ. ಸಂಜೆ ಐದೂವರೆಗೆ ಬಿಟ್ಟರೆ ಆರಕ್ಕೆ ಮನೆ ಸೇರುವ ಕೆಲಸಗಾರ್ತಿ ಸುಲಭಕ್ಕೆ ಕೆಲಸ ಬಿಡುವವಳಲ್ಲ.

ಸರ್ಕಾರದ ಲೆಕ್ಕಾಚಾರ ಇದಕ್ಕಿಂತ ದೊಡ್ಡದು. ಎರಡು ದಶಕದ ಹಿಂದೆ ಹೊರಟು ನಿಂತಿದ್ದ ಬಿಡದಿ ಟೌನ್‌ಶಿಪ್ ಯೋಜನೆ ಮತ್ತೆ ಎದ್ದಿದೆ. ಏಳು ಸಾವಿರ ಎಕರೆಗೂ ಮಿಗಿಲಾದ ಜಾಗದಲ್ಲಿ ಕಚೇರಿ, ಮನೆ ಎಲ್ಲ ಒಟ್ಟಿಗೆ ಇರುವ ಹೊಸ ನಗರ, ಕೃತಕ ಬುದ್ಧಿಮತ್ತೆಯ ನಗರ ಎನ್ನುತ್ತಿದ್ದಾರೆ. ಭೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ರೈತರಲ್ಲಿ ಅನೇಕರು ಜಮೀನು ಬಿಡುವುದಿಲ್ಲವೆಂದು ಧರಣಿ ಕೂತರು. ತೆಂಗು, ಹಿಪ್ಪುನೇರಳೆ, ಹೈನುಗಾರಿಕೆಯಿಂದ ತಿಂಗಳ ಆದಾಯ ಕಾಣುವವರಿಗೆ ಪರಿಹಾರದ ಒಟ್ಟು ಮೊತ್ತ ಬೇರೆಯದೇ ಥರ ಕಾಣುತ್ತದೆ.

ಆ ಹಳ್ಳಿಗಳ ನಡುವೆ ಭೈರಮಂಗಲ ಕೆರೆ ಇದೆ. ವೃಷಭಾವತಿ ಬೆಂಗಳೂರಿನ ಚರಂಡಿಯನ್ನೆಲ್ಲ ಹೊತ್ತು ತಂದು ಸುರಿಯುವುದು ಅಲ್ಲಿಗೆ. ನೊರೆಯೂ ವಾಸನೆಯೂ ದೂರಕ್ಕೆ ಹಬ್ಬುತ್ತವೆ. ಆ ನೀರು ಸರಿಹೋಗದೆ ಅದರ ದಂಡೆಯಲ್ಲಿ ಕಿಟಕಿ ತೆರೆಯುವ ಕಚೇರಿ ಕಟ್ಟಲಾಗದು, ಮತ್ತದೇ ಮುಚ್ಚಿದ ಗಾಜಿನ ಡಬ್ಬಿಯೇ ಗತಿ. ಹೊಸ ನಗರದ ಮೊದಲ ಕಾಮಗಾರಿ ಹಾಗಾಗಿ ಬಿಡದಿಯಲ್ಲಿ ಅಲ್ಲ, ಮೇಲೆ ಕೆಂಗೇರಿಯ ಆಚೆ, ಊರಿನ ಮೋರಿಗಳು ವೃಷಭಾವತಿಗೆ ಸೇರುವ ಜಾಗಗಳಲ್ಲಿ ಶುರುವಾಗಬೇಕು.