ಬೂಕರ್ ಪಟ್ಟಿಯನ್ನು ಮೊದಲೇ ಹೇಳಬಹುದೇ?

2025ರ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯ ಸ್ಪರ್ಧೆಗೆ 154 ಅನುವಾದಿತ ಪುಸ್ತಕಗಳು ಬಂದಿದ್ದವು. ಫೆಬ್ರವರಿಯಲ್ಲಿ ತೀರ್ಪುಗಾರರು ಅವುಗಳಲ್ಲಿ 13ನ್ನು ಲಾಂಗ್‌ಲಿಸ್ಟಿಗೆ ಆರಿಸಿದರು. ಏಪ್ರಿಲ್‌ನಲ್ಲಿ ಅದು ಆರು ಪುಸ್ತಕಗಳ ಶಾರ್ಟ್‌ಲಿಸ್ಟಿಗೆ ಇಳಿಯಿತು. ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ ಗೆದ್ದಿತು. ಅದನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಗೆದ್ದ ಮೇಲೆ ‘ಇದು ಗೆಲ್ಲಲೇಬೇಕಿತ್ತು’ ಎಂದು ಕಾರಣ ಕೊಟ್ಟವರಿಗೆ ಬರವಿರಲಿಲ್ಲ. ವಿಜ್ಞಾನ ಕೇಳುವ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು: ಫೆಬ್ರವರಿಗೆ ಮುಂಚೆಯೇ ಆ ಹದಿಮೂರನ್ನು ಹೇಳಲು ಸಾಧ್ಯವಿತ್ತೇ? ನನ್ನ ಉತ್ತರ, ಅರ್ಧ ಸಾಧ್ಯವಿತ್ತು ಎಂಬುದು. ಪುಸ್ತಕವೊಂದು ತೀರ್ಪುಗಾರರ ಮೇಜಿಗೆ ತಲುಪುತ್ತದೆಯೇ ಎಂಬುದನ್ನು ಸಾಕಷ್ಟು ಖಚಿತವಾಗಿ ಊಹಿಸಬಹುದು. ಮೇಜಿನ ಮೇಲೆ ಬಿದ್ದ ನಂತರ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟ. ಈ ವ್ಯತ್ಯಾಸ ಅರ್ಥವಾದರೆ ಕನ್ನಡಕ್ಕೆ ಮುಂದಿನ ಸಲ ಏನು ಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮೊದಲಿಗೆ, ಒಳ್ಳೆಯ ಊಹೆಯನ್ನು ಅಳೆಯುವುದು ಹೇಗೆ? ‘ನನ್ನ ಊಹೆ ನೂರಕ್ಕೆ ತೊಂಬತ್ತು ಸರಿ’ ಎಂದು ಯಾರಾದರೂ ಹೇಳಿದರೆ ಮರುಳಾಗಬೇಕಿಲ್ಲ. 154 ಪುಸ್ತಕಗಳಲ್ಲಿ ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ ‘ಇಲ್ಲ, ಬರುವುದಿಲ್ಲ’ ಎಂದರೂ 141 ಸಲ ಸರಿಯಾಗುತ್ತದೆ, ಅಂದರೆ ಶೇ 92ರಷ್ಟು. ಜುಲೈ ತಿಂಗಳಲ್ಲಿ ಸುಳ್ಯದ ಬಳಿಯ ಅರಂತೋಡಿನಲ್ಲಿ ನಿಂತು ‘ನಾಳೆ ಮಳೆ’ ಎಂದವನ ಮಾತು ಹೆಚ್ಚುಕಡಿಮೆ ದಿನವೂ ನಿಜವಾಗುತ್ತದೆ. ಅಷ್ಟಕ್ಕೇ ಅವನು ಹವಾಮಾನ ತಜ್ಞನಾಗುವುದಿಲ್ಲ. ಹವಾಮಾನ ಇಲಾಖೆಗಳು ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದವು. ಅಮೆರಿಕದ ಹವಾಮಾನ ಸಂಸ್ಥೆಯ ಗ್ಲೆನ್ ಬ್ರಯರ್ 1950ರಲ್ಲಿ ಒಂದು ಅಳತೆ ಸೂಚಿಸಿದರು. ಹೌದು-ಇಲ್ಲ ಎನ್ನುವ ಬದಲು ಶೇಕಡಾವಾರು ಸಂಭವನೀಯತೆ ಹೇಳಬೇಕು. ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ವರ್ಗ ಮಾಡಿ ದಂಡ ಲೆಕ್ಕ ಹಾಕಬೇಕು. ಶೇ 90 ಎಂದು ಹೇಳಿದ ಪುಸ್ತಕ ಪಟ್ಟಿಗೆ ಬಂದರೆ ದಂಡ 0.01, ಬಾರದಿದ್ದರೆ 0.81. ಈ ಅಳತೆಯಲ್ಲಿ ಜಂಬಕ್ಕೆ ಬೆಲೆ ತೆರಬೇಕಾಗುತ್ತದೆ. ಎಲ್ಲ ಪುಸ್ತಕಕ್ಕೂ ಸಮವಾಗಿ ಶೇ 8.4 (154ರಲ್ಲಿ 13) ಕೊಟ್ಟವನ ಸರಾಸರಿ ದಂಡ ಸುಮಾರು 0.077. ಊಹೆಗಾರನೊಬ್ಬ ಏನಾದರೂ ತಿಳಿದವನು ಅನ್ನಿಸಿಕೊಳ್ಳಬೇಕಾದರೆ ಇದಕ್ಕಿಂತ ಕೆಳಗೆ ಇಳಿಯಬೇಕು. ಇನ್ನೊಂದು ಸರಳ ಪರೀಕ್ಷೆಯೂ ಇದೆ. ಚೀಟಿ ಎತ್ತಿ ಹದಿಮೂರು ಹೆಸರು ಬರೆದರೂ ಸರಾಸರಿ ಒಂದು ಸರಿಯಾಗಿಯೇ ಇರುತ್ತದೆ. ಹಾಗಾಗಿ ಒಂದು ಹೆಸರು ತಾಳೆಯಾಯಿತು ಎಂದು ಬೀಗುವಂತಿಲ್ಲ. ವರ್ಷವರ್ಷವೂ ನಾಲ್ಕೈದು ತಾಳೆಯಾದರೆ ಆಗ ಕಿವಿಗೊಡಬಹುದು.

ನಾಲ್ಕೈದು ತಾಳೆಯಾಗಲು ಸಾಧ್ಯವೇ? ಪಟ್ಟಿ ತಯಾರಾಗುವ ಬಗೆಯನ್ನು ನೋಡಿದರೆ ಸಾಧ್ಯವೆನಿಸುತ್ತದೆ. 2016ರಿಂದ ಈಗಿನ ರೂಪದಲ್ಲಿರುವ ಈ ಪ್ರಶಸ್ತಿಗೆ ಪುಸ್ತಕ ಇಂಗ್ಲಿಷಿಗೆ ಅನುವಾದವಾಗಿದ್ದರೆ ಸಾಲದು, ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಬೇಕು. ಪ್ರಕಾಶಕರೇ ಅದನ್ನು ಕಳಿಸಬೇಕು. ಅರಂತೋಡಿನ ಕಡೆಯ ಬರಹಗಾರ್ತಿಯೊಬ್ಬರು ಅಡಿಕೆ ತೋಟ, ರಬ್ಬರು, ಒಕ್ಕಲುತನದ ಕತೆಯೊಂದನ್ನು ಬರೆದರು ಎಂದುಕೊಳ್ಳಿ. ಮನೆಯೊಳಗಿನ ಮಾತು ಅರೆಭಾಷೆಯಲ್ಲಿ, ಅಂಗಡಿಯ ಮಾತು ತುಳುವಿನಲ್ಲಿ. ಅದಕ್ಕೆ ತಕ್ಕ ಅನುವಾದಕರು ಸಿಗಬೇಕು, ಒಂದೆರಡು ಅಧ್ಯಾಯಗಳು ಹೊರಗಿನ ಸಂಪಾದಕರ ಕಣ್ಣಿಗೆ ಬೀಳಬೇಕು, ಬ್ರಿಟನ್ನಿನ ಪ್ರಕಾಶಕರು ಒಪ್ಪಬೇಕು, ಅವರು ತಮ್ಮ ಬೇರೆ ಪುಸ್ತಕಗಳ ನಡುವೆ ಇದನ್ನೇ ಸ್ಪರ್ಧೆಗೆ ಕಳಿಸಬೇಕು. ಕೇವಲ ಲೆಕ್ಕಕ್ಕಾಗಿ ಈ ನಾಲ್ಕು ಹಂತಗಳಲ್ಲೂ ನಾಲ್ಕರಲ್ಲೊಂದು ಪಾರಾಗುತ್ತದೆ ಎಂದು ಇಟ್ಟುಕೊಳ್ಳೋಣ. ಆಗ ತೀರ್ಪುಗಾರರನ್ನು ತಲುಪುವುದು 256ರಲ್ಲಿ ಒಂದು. ಅಲ್ಲಿಂದ ಲಾಂಗ್‌ಲಿಸ್ಟಿಗೆ ಹನ್ನೆರಡರಲ್ಲಿ ಒಂದು. ಒಟ್ಟಿನಲ್ಲಿ ಹತ್ತು ಸಾವಿರಕ್ಕೆ ಮೂರು. ಪತ್ರಿಕೆಗಳು ಬಣ್ಣಿಸುವುದು ಆ ಕೊನೆಯ ಹಂತವನ್ನು. ಹೆಚ್ಚಿನ ಪುಸ್ತಕಗಳು ಕಳೆದುಹೋಗುವುದು ಯಾರೂ ಬಣ್ಣಿಸದ ಮೊದಲ ನಾಲ್ಕರಲ್ಲಿ. ಈ ಮೊದಲ ಹಂತಗಳೆಲ್ಲ ಬಹುಮಟ್ಟಿಗೆ ಹೊರಗೆ ಕಾಣುವಂಥವು: ಹಕ್ಕು ಮಾರಾಟದ ಸುದ್ದಿ, ಪ್ರಕಾಶಕರ ಪಟ್ಟಿ, ಅನುವಾದ ಅನುದಾನ. ಕಾಣುವುದರ ಮೇಲೆ ಊಹೆ ಕಟ್ಟಬಹುದು.

‘ಹಾರ್ಟ್ ಲ್ಯಾಂಪ್’ ಇದಕ್ಕೆ ಒಳ್ಳೆಯ ಪರೀಕ್ಷೆ. 2024ರ ಕೊನೆಯಲ್ಲಿ ನಿಂತು ನೋಡಿದರೆ ಅದರ ವಿರುದ್ಧ ಎರಡು ಸಂಗತಿಗಳಿದ್ದವು. ಕನ್ನಡದ ಪುಸ್ತಕ ಅಲ್ಲಿಯವರೆಗೆ ಒಮ್ಮೆಯೂ ಲಾಂಗ್‌ಲಿಸ್ಟಿಗೆ ಬಂದಿರಲಿಲ್ಲ. ಕಥಾಸಂಕಲನ ಎಂದೂ ಗೆದ್ದಿರಲಿಲ್ಲ. ಅದರ ಪರವಾಗಿದ್ದ ಸಂಗತಿಗಳು ಇನ್ನೂ ಹೆಚ್ಚು. ಪ್ರಕಾಶಕರಾದ ಅಂಡ್ ಅದರ್ ಸ್ಟೋರೀಸ್, ಅನುವಾದಕ್ಕೇ ಹೆಸರಾದ ಸಣ್ಣ ಸ್ವತಂತ್ರ ಸಂಸ್ಥೆ. ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ನೆರವು ಅದಕ್ಕೆ ಸಿಕ್ಕಿತ್ತು. ಪರಿಣತರು ಓದಿ ಆರಿಸಿದ ಮೇಲೆ ಸಿಗುವ ನೆರವು ಅದು. ದೀಪಾ ಭಾಸ್ತಿ ಅದಕ್ಕೂ ಮೊದಲು ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರ ಕಾದಂಬರಿಯೊಂದನ್ನೂ ಕೊಡಗಿನ ಗೌರಮ್ಮನವರ ಕತೆಗಳನ್ನೂ ಇಂಗ್ಲಿಷಿಗೆ ತಂದಿದ್ದರು. 2022ರಲ್ಲಿ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ ಡೇಸಿ ರಾಕ್‌ವೆಲ್ ಅನುವಾದದಲ್ಲಿ ಗೆದ್ದಿತ್ತು, 2023ರಲ್ಲಿ ಪೆರುಮಾಳ್ ಮುರುಗನ್ ಲಾಂಗ್‌ಲಿಸ್ಟಿಗೆ ಬಂದಿದ್ದರು. ಎರಡೂ ಸ್ವತಂತ್ರ ಪ್ರಕಾಶಕರ ಪುಸ್ತಕಗಳೇ. ಇವನ್ನೆಲ್ಲ ತೂಗಿ ನೋಡಿದ ಊಹೆಗಾರನಿಗೆ ಶೇ 8.4ರ ಬದಲು ಅದರ ಎರಡು-ಮೂರು ಪಟ್ಟು ಕೊಡಲು ಕಾರಣವಿತ್ತು. ಆದರೆ ‘ಖಂಡಿತ ಬರುತ್ತದೆ’ ಎನ್ನಲು ಕಾರಣವಿರಲಿಲ್ಲ. ಗೆಲ್ಲುತ್ತದೆ ಎನ್ನಲಂತೂ ಇರಲೇ ಇಲ್ಲ.

ಕೊನೆಯ ಹಂತ ಇಷ್ಟು ಮಸುಕಾಗಿರುವುದಕ್ಕೆ ತೀರ್ಪುಗಾರರ ಅಪ್ರಾಮಾಣಿಕತೆ ಕಾರಣವಲ್ಲ. ಒಟ್ಟಾಗಿ ಆರಿಸುವ ಕ್ರಿಯೆಯಲ್ಲೇ ಅನಿಶ್ಚಿತತೆ ಸೇರಿಕೊಂಡಿದೆ. ಮೂವರು ತೀರ್ಪುಗಾರರ ಮುಂದೆ ಕ, ಚ, ಟ ಎಂಬ ಮೂರು ಪುಸ್ತಕಗಳು ಇವೆ ಎಂದುಕೊಳ್ಳಿ. ಒಬ್ಬರ ಮೆಚ್ಚುಗೆಯ ಕ್ರಮ ಕ-ಚ-ಟ, ಇನ್ನೊಬ್ಬರದು ಚ-ಟ-ಕ, ಮತ್ತೊಬ್ಬರದು ಟ-ಕ-ಚ. ಎರಡೆರಡನ್ನು ಎದುರುಬದುರು ಇಟ್ಟರೆ ಕ ಪುಸ್ತಕ ಚವನ್ನು, ಚ ಪುಸ್ತಕ ಟವನ್ನು, ಟ ಪುಸ್ತಕ ಕವನ್ನು ಬಹುಮತದಿಂದ ಸೋಲಿಸುತ್ತವೆ. ಯಾವುದನ್ನು ಮೊದಲು ಚರ್ಚೆಗೆ ತೆಗೆದುಕೊಂಡರು ಎಂಬುದೇ ಫಲಿತಾಂಶವನ್ನು ತೀರ್ಮಾನಿಸಿಬಿಡಬಹುದು. ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ ಇದನ್ನು 1785ರಲ್ಲೇ ತೋರಿಸಿದ್ದ. ಇದರ ಜೊತೆಗೆ ಒಬ್ಬರ ಮೆಚ್ಚುಗೆ ಇನ್ನೊಬ್ಬರಿಗೆ ತಗಲುವ ಗುಣವೂ ಇದೆ. ಸಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,341 ಮಂದಿ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿದರು. ಕೆಲವರಿಗೆ ಬೇರೆಯವರ ಆಯ್ಕೆ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಗುಂಪುಗಳಾಗಿ ವಿಂಗಡಿಸಿ, ತಮ್ಮ ಗುಂಪಿನವರು ಯಾವುದನ್ನು ಎಷ್ಟು ಇಳಿಸಿಕೊಂಡರು ಎಂದು ತೋರಿಸಲಾಗಿತ್ತು. ಸ್ವತಂತ್ರವಾಗಿ ಕೇಳಿದವರ ಲೆಕ್ಕದಲ್ಲಿ 26ನೇ ಸ್ಥಾನದಲ್ಲಿದ್ದ ಹಾಡೊಂದು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ ನಲವತ್ತನೆಯದು. ಅತ್ಯುತ್ತಮವಾದವು ಅಪರೂಪಕ್ಕೆ ಕೆಳಗೆ ಬಿದ್ದವು, ಅತಿ ಕಳಪೆಯವು ಅಪರೂಪಕ್ಕೆ ಮೇಲೆದ್ದವು. ನಡುವಿನವು ಎಲ್ಲಿಗೆ ಬೇಕಾದರೂ ಹೋದವು. ಬೂಕರ್ ಮೇಜಿಗೆ ಬರುವ ಹೊತ್ತಿಗೆ ತೀರಾ ಕಳಪೆ ಪುಸ್ತಕಗಳು ಹೆಚ್ಚುಕಡಿಮೆ ಉದುರಿಹೋಗಿರುತ್ತವೆ. ಹಾಗಾಗಿ ಅಲ್ಲಿನ ಸ್ಪರ್ಧೆ ಬಹುಪಾಲು ಆ ನಡುವಿನ ಗುಂಪಿನದೇ.

ಈಗಿನ ಕಾಲದಲ್ಲಿ ಯಂತ್ರಕ್ಕೆ ಓದಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಯಂತ್ರ ಕಲಿಯುವುದು ಉದಾಹರಣೆಗಳಿಂದ. 2016ರಿಂದ 2025ರವರೆಗೆ ವರ್ಷಕ್ಕೆ ಹದಿಮೂರರಂತೆ 130 ಆಯ್ದ ಪುಸ್ತಕಗಳಷ್ಟೇ ಅದಕ್ಕೆ ಸಿಗುತ್ತವೆ. ಅವನ್ನು ಆರಿಸುವ ಐವರು ತೀರ್ಪುಗಾರರು ಪ್ರತಿ ವರ್ಷ ಬೇರೆ. ಇನ್ನೂ ದೊಡ್ಡ ಕೊರತೆಯೆಂದರೆ, ಆಯ್ಕೆಯಾಗದೆ ಉಳಿದವುಗಳ ಹೆಸರನ್ನು ಪ್ರಶಸ್ತಿಯವರು ಪ್ರಕಟಿಸುವುದಿಲ್ಲ. ಸೋತವರ ಪರಿಚಯವಿಲ್ಲದೆ ಗೆದ್ದವರ ಲಕ್ಷಣ ಹೇಳಲಾಗದು. 2025ರ ಶಾರ್ಟ್‌ಲಿಸ್ಟಿನ ಆರೂ ಪುಸ್ತಕಗಳು ಸ್ವತಂತ್ರ ಪ್ರಕಾಶಕರವು. ಅದಕ್ಕೆ ತೀರ್ಪುಗಾರರ ಒಲವು ಕಾರಣವೋ, ಬಂದವುಗಳಲ್ಲೇ ಅಂಥವು ಹೆಚ್ಚಿದ್ದವೋ ಎಂಬುದನ್ನು ಪೂರ್ತಿ ಪಟ್ಟಿ ಕಂಡರೆ ಮಾತ್ರ ಬಿಡಿಸಬಹುದು. ಹಳೆಯ ಮಾಹಿತಿಯೂ ಕೈಕೊಡುತ್ತದೆ. 2013ರಲ್ಲಿ ಯು.ಆರ್. ಅನಂತಮೂರ್ತಿ ಹತ್ತು ಮಂದಿ ಅಂತಿಮ ಸ್ಪರ್ಧಿಗಳಲ್ಲಿ ಒಬ್ಬರಾಗಿದ್ದರು ನಿಜ. ಆದರೆ ಅಂದು ಪ್ರಶಸ್ತಿ ಎರಡು ವರ್ಷಕ್ಕೊಮ್ಮೆ, ಒಬ್ಬ ಲೇಖಕರ ಒಟ್ಟು ಬರವಣಿಗೆಗೆ ಸಿಗುತ್ತಿತ್ತು. ನಿಯಮ ಬದಲಾದ ಮೇಲೆ ಆ ಉದಾಹರಣೆ ಇಂದಿನ ಊಹೆಗೆ ಬಾರದು.

‘ಒಳ್ಳೆಯ ಕೃತಿ ಹೇಗಿದ್ದರೂ ಬೆಳಕಿಗೆ ಬರುತ್ತದೆ, ಈ ಲೆಕ್ಕವೆಲ್ಲ ಯಾಕೆ?’ ಎಂಬ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಎಂಟು ಜ್ಞಾನಪೀಠ ಪಡೆದ ಭಾಷೆ ಈಗಿನ ರೂಪದ ಪ್ರಶಸ್ತಿಯ ಪಟ್ಟಿಗೆ ಬರಲು 2025ರವರೆಗೆ ಕಾಯಬೇಕಾಯಿತು ಎಂಬುದೇ ಇದಕ್ಕೆ ಉತ್ತರ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರ್ ಅನುವಾದದಲ್ಲಿ ಡಬ್ಲಿನ್ ಸಾಹಿತ್ಯ ಪ್ರಶಸ್ತಿಯ ಲಾಂಗ್‌ಲಿಸ್ಟಿಗೆ ಬಂತು. ಬೂಕರ್ ಲಾಂಗ್‌ಲಿಸ್ಟಿಗೆ ಬರಲಿಲ್ಲ. ಡಬ್ಲಿನ್ ಪ್ರಶಸ್ತಿಗೆ ಹೆಸರು ಸೂಚಿಸುವುದು ಜಗತ್ತಿನ ಗ್ರಂಥಾಲಯಗಳು. ಪುಸ್ತಕ ಅದೇ, ಗುಣ ಅದೇ. ದಾರಿ ಬೇರೆಯಾದಾಗ ಫಲವೂ ಬೇರೆಯಾಯಿತು. ಗುಣ ಬೇಕೇ ಬೇಕು, ಆದರೆ ಅದೊಂದೇ ಪುಸ್ತಕವನ್ನು ಮೇಜಿಗೆ ತಲುಪಿಸುವುದಿಲ್ಲ.

ಆದ್ದರಿಂದ ಮುಂದಿನ ಕನ್ನಡ ಹೆಸರು ಯಾವುದು ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಷ್ಟು ಕನ್ನಡ ಪುಸ್ತಕಗಳು ಸ್ಪರ್ಧೆಗೆ ಹೋಗುತ್ತಿವೆ ಎಂದು ಎಣಿಸುವುದು ಲಾಭದಾಯಕ. ವರ್ಷಕ್ಕೆ ಒಂದೇ ಪುಸ್ತಕ ಹೋದರೆ, ಪ್ರತಿಯೊಂದಕ್ಕೂ ಸರಾಸರಿ ಅವಕಾಶವೇ ಇದೆ ಎಂದುಕೊಂಡರೆ, ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಲಾಂಗ್‌ಲಿಸ್ಟ್ ಮುಟ್ಟುವ ಸಂಭವ ಸುಮಾರು ಶೇ 58. ವರ್ಷಕ್ಕೆ ಮೂರು ಹೋದರೆ ಅದು ಶೇ 93ಕ್ಕೆ ಏರುತ್ತದೆ. ಯಾವ ತೀರ್ಪುಗಾರರ ಮನಸ್ಸನ್ನೂ ಓದದೆ ಬರುವ ಏರಿಕೆ ಇದು. ಅನುವಾದಕರಿಗೆ ಸರಿಯಾದ ಸಂಭಾವನೆ, ಮಾದರಿ ಅಧ್ಯಾಯಗಳಿಗೆ ಹಣ, ಹೊರಗಿನ ಪ್ರಕಾಶಕರೊಂದಿಗೆ ನಿರಂತರ ಸಂಪರ್ಕ ಇವು ಮೊದಲ ನಾಲ್ಕು ಹಂತಗಳನ್ನು ಅಗಲ ಮಾಡುತ್ತವೆ. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಹಾಕಬಹುದಾದ ಜಾಗ ಇದೇ. ಕೊನೆಯ ಹಂತ ಐವರು ಓದುಗರ ವಿವೇಚನೆಗೆ ಸೇರಿದ್ದು, ಅದನ್ನು ಅವರಿಗೇ ಬಿಡೋಣ.